ಎದ್ದು ಬಾದಶಾಹ ನೋಡಿದ ಮೊದಲ ಮುಖ

ಬಸ್ ತಪ್ಪಿದರೆ, ಬೋರ್‌ವೆಲ್ ಮೋಟರ್ ಸುಟ್ಟರೆ, ಸಂತೆಯಲ್ಲಿ ಈರುಳ್ಳಿ ದರ ಬಿದ್ದರೆ ನಮ್ಮ ಬಾಯಿಗೆ ಬರುವ ಮಾತು ಒಂದೇ: ‘ಇವತ್ತು ಎದ್ದು ಯಾರ ಮುಖ ನೋಡಿದ್ನೋ!’

ಕೇಳಲು ತಮಾಷೆಯ ಮಾತು. ಆದರೆ ಈ ಮಾತಿನ ಹಿಂದೆ ತುಂಬಾ ಜನರ ನೋವಿದೆ. ಬೆಳಿಗ್ಗೆ ಎದುರು ಬರಬಾರದ ಮುಖಗಳು ಅಂತ ನಮ್ಮ ಹಿರಿಯರು ಒಂದು ಪಟ್ಟಿ ಮಾಡಿಟ್ಟಿದ್ದರು. ಗಂಡ ಸತ್ತವಳು ಎದುರು ಬರಬಾರದು, ಪೊರಕೆ ಹಿಡಿದವರು ಎದುರು ಬರಬಾರದು. ಎಷ್ಟೋ ಊರುಗಳಲ್ಲಿ ಕಸ ಗುಡಿಸುವವರು ಊರು ಏಳುವ ಮೊದಲೇ ಕೆಲಸ ಮುಗಿಸಿ ಮರೆಯಾಗಬೇಕಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಹೇಳುವ ಒಂದು ಕಥೆ ವಿಜಯಪುರದಲ್ಲಿದೆ. ಆ ಕಥೆಯ ಹೆಸರು ಹೊತ್ತ ಕಟ್ಟಡವೂ ಇದೆ. ಗೋಳಗುಮ್ಮಟ ನೋಡಿ, ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ಫೋಟೋ ತೆಗೆದುಕೊಂಡು ಬಸ್ ಹತ್ತುವ ಹೆಚ್ಚಿನವರು ಅದನ್ನು ನೋಡಿರುವುದಿಲ್ಲ. ಅದರ ಹೆಸರು ಮೆಹತರ್ ಮಹಲ್.

ಮಹಲ್ ಅಲ್ಲ, ಬಾಗಿಲು

ಹೆಸರಿನಲ್ಲಿ ಮಹಲ್ ಇದ್ದರೂ ಅದು ಅರಮನೆಯಲ್ಲ. ಒಂದು ಮಸೀದಿಗೆ ಹೋಗುವ ಹೆಬ್ಬಾಗಿಲು. ಹಳೆಯ ಅರಮನೆಗಳಿದ್ದ ಒಳಕೋಟೆಯಿಂದ ಜಾಮಿಯಾ ಮಸೀದಿ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕೆಳಗೆ ಬಾಗಿಲು, ಮೇಲೆ ಉಪ್ಪರಿಗೆ, ಅದರ ಮೇಲೆ ಎರಡು ತೆಳ್ಳನೆಯ ಮಿನಾರುಗಳು. ಸುಮಾರು 1620ರ ಹೊತ್ತಿನದು ಎನ್ನುತ್ತಾರೆ ವಾಸ್ತುಶಿಲ್ಪದ ಇತಿಹಾಸ ಬರೆದವರು. ಆಗ ಆಳುತ್ತಿದ್ದವನು ಎರಡನೇ ಇಬ್ರಾಹಿಂ ಆದಿಲ್ ಶಾಹ. 1580ರಿಂದ 1627ರವರೆಗೆ ಆಳಿದ, ಸಂಗೀತದ ಹುಚ್ಚಿದ್ದ, ಜನ ‘ಜಗದ್ಗುರು’ ಎಂದು ಕರೆದ ಬಾದಶಾಹ.

ಗೋಳಗುಮ್ಮಟದ ಪಕ್ಕದಲ್ಲಿಟ್ಟರೆ ಈ ಬಾಗಿಲು ಮಗುವಿನಷ್ಟು ಚಿಕ್ಕದು. ಆದರೆ ಅದರ ಉಪ್ಪರಿಗೆಯ ಕಿಟಕಿಯನ್ನು ಒಮ್ಮೆ ತಲೆಯೆತ್ತಿ ನೋಡಬೇಕು.

ಕಿಟಕಿ ಗೋಡೆಯೊಳಗೆ ಕೂತಿಲ್ಲ. ಗೋಡೆ ಬಿಟ್ಟು ದಾರಿಯ ಕಡೆಗೆ ಮುಂದಕ್ಕೆ ಚಾಚಿ ನಿಂತಿದೆ. ಅದರ ಮೇಲೆ ಅಗಲವಾದ ಕಲ್ಲಿನ ಸಜ್ಜಾ. ಆ ಸಜ್ಜಾವನ್ನು ಕೆಳಗಿನಿಂದ ಓರೆಯಾಗಿ ಎತ್ತಿ ಹಿಡಿದಿರುವ ಸಾಲು ಸಾಲು ಕಲ್ಲಿನ ಆಸರೆಗಳು. ಅವು ಎಷ್ಟು ತೆಳ್ಳಗಿವೆ ಅಂದರೆ ಕಲ್ಲು ಅಂತ ನಂಬಲು ಕಷ್ಟ. ಅವುಗಳ ಮೈತುಂಬ ಹಕ್ಕಿ, ಪ್ರಾಣಿ, ಬಳ್ಳಿಗಳ ಕೆತ್ತನೆ. ಹೀಗೆ ಮುಂದಕ್ಕೆ ಚಾಚಿದ ಉಪ್ಪರಿಗೆ ಕಿಟಕಿಗೆ ಉತ್ತರ ಭಾರತದಲ್ಲಿ ಝರೋಕಾ ಎಂಬ ಹೆಸರಿದೆ.

ಜನ ಹೇಳುವ ಕಥೆ

ಒಬ್ಬ ಆದಿಲ್ ಶಾಹಿ ಬಾದಶಾಹನಿಗೆ ಕುಷ್ಠರೋಗ ಬಂತಂತೆ. ಯಾವ ಹಕೀಮನ ಔಷಧವೂ ನಾಟಲಿಲ್ಲ. ಕೊನೆಗೆ ಜ್ಯೋತಿಷಿಯೊಬ್ಬ ಪರಿಹಾರ ಹೇಳಿದ: ‘ನಾಳೆ ಬೆಳಿಗ್ಗೆ ಎದ್ದು ಮೊದಲು ಯಾರ ಮುಖ ನೋಡುತ್ತೀರೋ ಅವರಿಗೆ ದೊಡ್ಡ ಮೊತ್ತ ದಾನ ಕೊಡಿ.’ ಜ್ಯೋತಿಷಿಯ ಲೆಕ್ಕ ಬೇರೆ ಇತ್ತು. ಬೆಳಿಗ್ಗೆ ತಾನೇ ಮೊದಲು ಎದುರು ನಿಂತರೆ ಹಣ ತನಗೇ ಸಿಗುತ್ತದಲ್ಲ!

ಆದರೆ ಬಾದಶಾಹ ಆ ದಿನ ಬೇಗ ಎದ್ದ. ಕಣ್ಣಿಗೆ ಮೊದಲು ಬಿದ್ದವನು ಕಸ ಗುಡಿಸುತ್ತಿದ್ದ ಜಾಡಮಾಲಿ. ಬಾದಶಾಹ ಮಾತಿನಂತೆ ಅಷ್ಟೂ ಹಣವನ್ನು ಅವನಿಗೆ ಕೊಟ್ಟ. ಆ ಜಾಡಮಾಲಿ, ಅಂದರೆ ಮೆಹತರ್, ಆ ಹಣದಿಂದ ಮಸೀದಿಯನ್ನೂ ಈ ಹೆಬ್ಬಾಗಿಲನ್ನೂ ಕಟ್ಟಿಸಿದ.

ಇದು ದಂತಕಥೆ. ಇತಿಹಾಸ ಬರೆದವರೂ ದಂತಕಥೆ ಅಂತಲೇ ಬರೆದಿದ್ದಾರೆ. ಆದರೆ ಈ ಕಥೆ ಯಾಕೆ ಇದೇ ಕಿಟಕಿಗೆ ಹೊಂದುತ್ತದೆ ಎಂದು ತಿಳಿಯಬೇಕಾದರೆ, ಆ ಕಾಲದಲ್ಲಿ ಇಂಥ ಕಿಟಕಿಗಳಿಂದ ಯಾರು ಯಾರನ್ನು ನೋಡುತ್ತಿದ್ದರು ಎಂಬುದನ್ನು ತಿಳಿಯಬೇಕು.

ಕಿಟಕಿಯಲ್ಲಿ ದೇವರಂತೆ ದೊರೆ

ಹೊರಚಾಚಿದ ಕಿಟಕಿಯಿಂದ ಹಲವು ಅನುಕೂಲಗಳಿವೆ. ಗೋಡೆಯ ಕಿಟಕಿಯಲ್ಲಿ ನಿಂತರೆ ಎದುರು ಇರುವುದಷ್ಟೇ ಕಾಣುತ್ತದೆ. ಚಾಚಿದ ಕಿಟಕಿಯಲ್ಲಿ ಎಡಕ್ಕೂ ಬಲಕ್ಕೂ ಇಡೀ ಬೀದಿ ಕಾಣುತ್ತದೆ. ಗಾಳಿ ಮೂರು ಕಡೆಯಿಂದ ಬರುತ್ತದೆ. ಮೇಲಿನ ಸಜ್ಜಾ ಬಿಸಿಲನ್ನೂ ಮಳೆಯನ್ನೂ ತಡೆಯುತ್ತದೆ. ಬಿಜಾಪುರದ ಏಪ್ರಿಲ್ ಬಿಸಿಲು ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಮರೆಯಲ್ಲಿ ಕೂತು ನೋಡಲಿಕ್ಕೂ ಇದು ಬಳಕೆಯಾಯಿತು. ಜೈಪುರದ ಹವಾ ಮಹಲ್ ನಿಮಗೆ ಕ್ಯಾಲೆಂಡರಿನಲ್ಲಾದರೂ ಗೊತ್ತು. 1799ರಲ್ಲಿ ಸವಾಯಿ ಪ್ರತಾಪ್ ಸಿಂಗ್ ಕಟ್ಟಿಸಿದ್ದು. ಅದರಲ್ಲಿ 953 ಪುಟ್ಟ ಝರೋಕಾಗಳಿವೆ. ಅರಮನೆಯ ಹೆಂಗಸರು ಜಾಲರಿಯ ಹಿಂದೆ ಕೂತು ಬೀದಿಯ ಮೆರವಣಿಗೆ ನೋಡುತ್ತಿದ್ದರು. ಬೀದಿಯವರಿಗೆ ಅವರು ಕಾಣುತ್ತಿರಲಿಲ್ಲ.

ದೊರೆಗಳ ಕಿಟಕಿ ಇದಕ್ಕೆ ವಿರುದ್ಧ. ಅದು ಇದ್ದದ್ದೇ ಜನರಿಗೆ ಕಾಣಿಸಿಕೊಳ್ಳಲು. ಮೊಘಲ್ ಬಾದಶಾಹ ಅಕ್ಬರನ ಕಾಲದಲ್ಲಿ ಇದು ದಿನನಿತ್ಯದ ಪದ್ಧತಿಯಾಗಿತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಬಾದಶಾಹ ಕೋಟೆಯ ಝರೋಕಾದಲ್ಲಿ ಬಂದು ನಿಲ್ಲುತ್ತಿದ್ದ. ಕೆಳಗೆ ಬಯಲಿನಲ್ಲಿ ಜನ ಸೇರಿರುತ್ತಿದ್ದರು. ಇದನ್ನು ಝರೋಕಾ ದರ್ಶನ ಎನ್ನುತ್ತಿದ್ದರು. ‘ದರ್ಶನ’ ಎಂಬ ಪದವನ್ನು ಗಮನಿಸಿ. ನಾವು ಗುಡಿಗೆ ಹೋಗಿ ದೇವರನ್ನು ನೋಡುವುದಕ್ಕೆ ಬಳಸುವ ಪದವೇ ಅದು. ಬಾದಶಾಹನ ಮುಖ ನೋಡುವವರೆಗೆ ಅನ್ನ ಮುಟ್ಟದ ಜನರೂ ಇದ್ದರೆಂದು ಆ ಕಾಲದ ಇತಿಹಾಸಕಾರ ಬದಾಯೂನಿ ಬರೆದಿದ್ದಾನೆ.

ಬೆಳಿಗ್ಗೆ ಎದ್ದು ಯಾರ ಮುಖ ನೋಡಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿದ್ಧವಾಗಿತ್ತು: ದೊರೆಯ ಮುಖ.

ಈ ಕಿಟಕಿಯಿಂದ ಜನರಿಗೂ ಪ್ರಯೋಜನವಿತ್ತು ಅನ್ನಿ. ದರ್ಬಾರಿನೊಳಗೆ ಕಾಲಿಡಲಾಗದ ಬಡವನಿಗೆ ದೂರು ಕೂಗಿ ಹೇಳಲು ಅದೊಂದೇ ಜಾಗ. ಅಕ್ಬರನ ಮಗ ಜಹಾಂಗೀರ್ 1605ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೊಂದು ಹೆಜ್ಜೆ ಮುಂದೆ ಹೋದ. ಆಗ್ರಾ ಕೋಟೆಯ ಬುರುಜಿನಿಂದ ಯಮುನಾ ದಂಡೆಯ ಕಲ್ಲುಕಂಬದವರೆಗೆ 60 ಗಂಟೆಗಳಿದ್ದ ಚಿನ್ನದ ಸರಪಳಿ ಕಟ್ಟಿಸಿದೆ, ಅನ್ಯಾಯವಾದವರು ಅದನ್ನು ಎಳೆಯಬಹುದು ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಮುಖ ಕಾಣದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ 1657 ಸಾಕ್ಷಿ. ಆ ವರ್ಷ ಸೆಪ್ಟೆಂಬರಿನಲ್ಲಿ ಶಹಜಹಾನ್ ಕಾಯಿಲೆ ಬಿದ್ದ. ಕೆಲವು ದಿನ ಝರೋಕಾಕ್ಕೆ ಬರಲಿಲ್ಲ. ಬಾದಶಾಹ ಸತ್ತನೆಂಬ ಸುದ್ದಿ ಹಬ್ಬಿತು. ಮಕ್ಕಳು ಪಟ್ಟಕ್ಕಾಗಿ ಕತ್ತಿ ಹಿರಿದರು. ಆ ಕಾಳಗದಲ್ಲಿ ಗೆದ್ದ ಔರಂಗಜೇಬ್, ಮನುಷ್ಯನನ್ನು ದೇವರಂತೆ ನೋಡುವುದು ತಪ್ಪು ಎಂದು ಮುಂದೆ ಝರೋಕಾ ದರ್ಶನವನ್ನೇ ನಿಲ್ಲಿಸಿದ. 1686ರಲ್ಲಿ ಬಿಜಾಪುರವನ್ನು ಗೆದ್ದು ಆದಿಲ್ ಶಾಹಿ ಆಳ್ವಿಕೆ ಮುಗಿಸಿದವನೂ ಅವನೇ.

ಆಮೇಲೆ ಬಂದ ಬ್ರಿಟಿಷರಿಗೂ ಈ ಕಿಟಕಿಯ ಶಕ್ತಿ ಗೊತ್ತಿತ್ತು. 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿಗೆ ಬಂದ ಐದನೇ ಜಾರ್ಜ್ ದೊರೆ, ರಾಣಿ ಮೇರಿಯ ಜೊತೆ ಕೆಂಪುಕೋಟೆಯ ಝರೋಕಾದಲ್ಲಿ ಕೂತು ಕೆಳಗಿನ ಜನಸಾಗರಕ್ಕೆ ಮುಖ ತೋರಿಸಿದ. ಮೊಘಲರು ಹೋಗಿದ್ದರು, ಅವರ ಕಿಟಕಿಯಲ್ಲಿ ಹೊಸ ದೊರೆ ಕೂತಿದ್ದ.

ಈಗ ಮೆಹತರ್ ಮಹಲಿನ ಕಥೆಗೆ ಮರಳಿ. ಅಲ್ಲಿ ಯಾರ ಮುಖ ಯಾರಿಗೆ ಬೇಕಾಗಿದೆ? ಜಾಡಮಾಲಿ ಬಾದಶಾಹನ ದರ್ಶನಕ್ಕೆ ಕಾದು ನಿಂತಿಲ್ಲ. ಅವನು ತನ್ನ ಪಾಡಿಗೆ ಕಸ ಗುಡಿಸುತ್ತಿದ್ದಾನೆ. ರೋಗದ ಬಾದಶಾಹನಿಗೇ ಅವನ ಮುಖ ಬೇಕಾಗಿದೆ. ಆಗ್ರಾದಲ್ಲಿ ಜನ ದೊರೆಯ ಮುಖ ನೋಡಿ ಪುಣ್ಯ ಬಂತು ಎಂದುಕೊಂಡರೆ, ಬಿಜಾಪುರದ ಜನ ತಮ್ಮ ಕಥೆಯಲ್ಲಿ ಕಸ ಗುಡಿಸುವವನ ಮುಖವನ್ನೇ ದೊರೆಗೆ ಔಷಧ ಮಾಡಿಬಿಟ್ಟರು.

ಕಲ್ಲು ಹೇಗೆ ಗಾಳಿಯಲ್ಲಿ ನಿಂತಿದೆ?

ಕಥೆ ಒಂದು ಕಡೆ ಇರಲಿ. ಅಷ್ಟು ಭಾರದ ಕಲ್ಲು ನಾನೂರು ವರ್ಷದಿಂದ ದಾರಿಯ ಮೇಲೆ ಬೀಳದೆ ಹೇಗೆ ನಿಂತಿದೆ?

ಎತ್ತು ಬಿಚ್ಚಿದ ಬಂಡಿಯ ಹಿಂಭಾಗಕ್ಕೆ ನಾಲ್ಕು ಹುಡುಗರು ಹತ್ತಿದರೆ ಏನಾಗುತ್ತದೆ? ಮೂಕಿ ಮೇಲೇಳುತ್ತದೆ. ಇನ್ನಿಬ್ಬರು ಮೂಕಿಯ ಮೇಲೆ ಕೂತರೆ ಬಂಡಿ ಸಮನಾಗುತ್ತದೆ. ಹೊರಚಾಚಿದ ಕಲ್ಲಿನ ಲೆಕ್ಕವೂ ಇಷ್ಟೇ. ಕಲ್ಲಿನ ಅರ್ಧ ಹೊರಗೆ, ಅರ್ಧ ಗೋಡೆಯೊಳಗೆ. ಗೋಡೆಯೊಳಗಿನ ಬಾಲದ ಮೇಲೆ ಮೇಲಿನ ಗೋಡೆಯ ಭಾರ ಕೂತಿರುತ್ತದೆ. ಹೊರಗಿನ ತುದಿ ಕೆಳಗೆ ಬೀಳಬೇಕಾದರೆ ಒಳಗಿನ ಬಾಲ ಇಡೀ ಗೋಡೆಯನ್ನು ಎತ್ತಬೇಕು. ಅದು ಆಗದ ಮಾತು.

ಆದರೆ ಕಲ್ಲಿಗೆ ಒಂದು ಗುಣವಿದೆ. ಒತ್ತಿದರೆ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ತುಂಬಾ ಉದ್ದ ಚಾಚಿದರೆ ಅದು ಗೋಡೆಯ ಅಂಚಿನಲ್ಲೇ ಮುರಿದು ಬೀಳಬಹುದು. ಅದಕ್ಕೇ ಕೆಳಗಿನಿಂದ ಓರೆ ಆಸರೆ. ಮನೆ ಮುಂದಿನ ಪತ್ರಾಸಿಗೆ ಗೋಡೆಯಿಂದ ಓರೆಯಾಗಿ ಕೊಡುತ್ತೀರಲ್ಲ, ಅದೇ ರೀತಿ. ಮೇಲಿನ ಭಾರ ಈ ಓರೆ ಆಸರೆಯ ಮೂಲಕ ಇಳಿದು ಮತ್ತೆ ಗೋಡೆಗೇ ಸೇರುತ್ತದೆ.

ಓರೆ ಆಸರೆ ಅನ್ನುವುದು ಮೂಲದಲ್ಲಿ ಬಡಿಗನ ಬುದ್ಧಿ, ಕಲ್ಲುಕುಟಿಗನದ್ದಲ್ಲ. ಮರದ ತೊಲೆಗೆ ಮರದ ಓರೆಗಂಬ ಕೊಡುವುದು ಸುಲಭ. ಅದೇ ಕೆಲಸವನ್ನು ತೆಳ್ಳನೆಯ ಕಲ್ಲಿನಲ್ಲಿ ಮಾಡುವುದು ಸಾಹಸ. ಮೆಹತರ್ ಮಹಲಿನ ಕಿಟಕಿಯನ್ನು ನೋಡಿದ ವಾಸ್ತುತಜ್ಞರೆಲ್ಲ ಹೇಳುವ ಮಾತು ಇದೇ: ಇಲ್ಲಿ ಕಲ್ಲು ಮರದ ಕೆಲಸವನ್ನು ಮಾಡಿ ತೋರಿಸಿದೆ.

ಇದರಿಂದ ಇತಿಹಾಸಕ್ಕೊಂದು ಲಾಭವಾಗಿದೆ. ಬಿಜಾಪುರದ ಅರಮನೆಗಳಲ್ಲಿ ಮರದ ಕೆಲಸ ತುಂಬಾ ಇತ್ತು. 1561ರ ಗಗನ ಮಹಲಿಗೆ ಹೋಗಿ ನೋಡಿ. ದೊಡ್ಡ ಕಮಾನು ನಿಂತಿದೆ, ಮರದ ಮಹಡಿ ಇಲ್ಲ. ಮರಕ್ಕೆ ಗೆದ್ದಲು, ಬೆಂಕಿ, ಮಳೆ, ಕಳ್ಳರು ಎಲ್ಲರೂ ಶತ್ರುಗಳೇ. ಅಂಥ ಮರದ ಉಪ್ಪರಿಗೆಗಳು ಹೇಗೆ ಕಾಣುತ್ತಿದ್ದವು ಎಂದು ಊಹಿಸಬೇಕಾದರೆ ಇವತ್ತು ನಮಗೆ ಈ ಕಲ್ಲಿನ ಕಿಟಕಿ ಒಳ್ಳೆಯ ಸಾಕ್ಷಿ. ನಮ್ಮ ನಾಡಿನಲ್ಲಿ ಮರದ್ದೇ ನೋಡಬೇಕೆಂದರೆ ಬೆಂಗಳೂರಿನ ಕೋಟೆ ಹತ್ತಿರ ಟಿಪ್ಪುವಿನ ಅರಮನೆ ಇದೆ. ಹೈದರಾಲಿ 1781ರಲ್ಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬಗಳ ಆ ಅರಮನೆಯ ಉಪ್ಪರಿಗೆಯ ಮೊಗಸಾಲೆಗಳಲ್ಲಿ ಕೂತು ಟಿಪ್ಪು ದರ್ಬಾರು ನಡೆಸುತ್ತಿದ್ದ.

ಸಜ್ಜಾ ಕೆಳಗೆ ಓರೆಯಾಗಿ ಕೆತ್ತನೆ ನಿಲ್ಲಿಸುವುದು ಕನ್ನಡ ನೆಲದ ಶಿಲ್ಪಿಗಳಿಗೆ ಹೊಸದಾಗಿರಲಿಲ್ಲ. ಬೇಲೂರಿನ ಮದನಿಕೆಯರನ್ನು ನೆನಪಿಸಿಕೊಳ್ಳಿ. 1117ರ ಆ ಗುಡಿಯಲ್ಲಿ ಅವರು ಗೋಡೆಗೆ ಅಂಟಿ ನೆಟ್ಟಗೆ ನಿಂತಿಲ್ಲ. ಕಂಬದ ತಲೆಯಿಂದ ಸೂರಿನ ಕಡೆಗೆ ಓರೆಯಾಗಿ ಬಾಗಿದ್ದಾರೆ. ಬಾದಾಮಿಯ ಮೂರನೇ ಗುಹೆಯ ಕಂಬಗಳ ಮೇಲೂ ಇಂಥ ಬಾಗಿದ ಜೋಡಿಗಳಿವೆ. ಅದು 578ರದ್ದು. ಮಸೀದಿಯ ಬಾಗಿಲಲ್ಲಿ ಹಕ್ಕಿ, ಪ್ರಾಣಿಗಳು ಬಂದದ್ದು ನೋಡಿದರೆ ಇಲ್ಲಿ ಉಳಿ ಹಿಡಿದವರ ಕೈ ಗುಡಿಯ ಕೆಲಸದಲ್ಲೂ ಪಳಗಿತ್ತು ಅನ್ನಿಸುತ್ತದೆ. ಆ ಕಲ್ಲುಕುಟಿಗರಲ್ಲಿ ಒಬ್ಬನ ಹೆಸರೂ ಬಾಗಿಲಿಗೆ ಬಂದಿಲ್ಲ. ಬಂದಿರುವುದು ಮೆಹತರ್ ಹೆಸರು.

ಮೆಹತರ್ ಅಂದರೆ ಯಾರು?

ಮೆಹತರ್ ಫಾರಸಿ ಪದ. ಅದರ ಅರ್ಥ ‘ದೊಡ್ಡವನು’, ‘ಮುಖ್ಯಸ್ಥ’. ಈಗಿನ ಪಾಕಿಸ್ತಾನದಲ್ಲಿರುವ ಚಿತ್ರಾಲ್ ಎಂಬ ಗುಡ್ಡಗಾಡು ಸಂಸ್ಥಾನದ ದೊರೆಗಳ ಬಿರುದೇ ಮೆಹತರ್. ಅರಮನೆಯ ಸೇವೆಯಲ್ಲಿದ್ದ ಮೇಲಧಿಕಾರಿಗಳಿಗೂ ಈ ಬಿರುದು ಇರುತ್ತಿತ್ತು. ಉತ್ತರ ಭಾರತದಲ್ಲಿ ಅದೇ ಪದ ಕಸ ಗುಡಿಸುವ, ಮಲ ಎತ್ತುವ ಜಾತಿಗಳ ಹೆಸರಾಯಿತು.

ಹಾಗಾಗಿ ಈ ಬಾಗಿಲನ್ನು ಕಟ್ಟಿಸಿದವನು ಮೆಹತರ್ ಬಿರುದಿನ ದೊಡ್ಡ ಅಧಿಕಾರಿ ಇರಬೇಕು, ಹೆಸರು ಕೇಳಿದ ಜನ ಮುಂದೆ ಜಾಡಮಾಲಿಯ ಕಥೆ ಕಟ್ಟಿರಬೇಕು ಎಂಬ ವಾದವಿದೆ. ಇದು ಒಪ್ಪುವಂಥ ವಾದವೇ. ಇಷ್ಟು ದುಬಾರಿ ಕೆಲಸವನ್ನು ಆಸ್ಥಾನದ ಹತ್ತಿರದವರೇ ಮಾಡಿಸಿರುವುದು ಹೆಚ್ಚು ಸಂಭವ. ಇತಿಹಾಸ ಎಂದು ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ.

ಆದರೆ ಅಷ್ಟಕ್ಕೇ ಕಥೆಯನ್ನು ಕಸದ ಬುಟ್ಟಿಗೆ ಎಸೆಯಬೇಕಾಗಿಲ್ಲ. ‘ದೊಡ್ಡವನು’ ಎಂಬ ಅರ್ಥದ ಪದವನ್ನು ಬೈಗುಳದ ಮಟ್ಟಕ್ಕೆ ಇಳಿಸಿದ್ದು ಸಮಾಜ. ಆ ಇಳಿದ ಪದವನ್ನು ಮತ್ತೆ ಎತ್ತಿ, ಊರಿನ ಅತಿ ಚೆಂದದ ಕಿಟಕಿಯ ಮೇಲೆ ಕೂರಿಸಿದ್ದು ಕಥೆ. ಬಾಗಿಲನ್ನು ಕಟ್ಟಿಸಿದವನು ಅಧಿಕಾರಿಯೇ ಇರಲಿ, ಕಥೆ ಕಟ್ಟಿದವರು ಜನಸಾಮಾನ್ಯರು. ಅವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಆ ಕಥೆಯೇ ದಾಖಲೆ. ತಾಮ್ರಪಟ, ಶಾಸನಗಳಲ್ಲಿ ಜನಸಾಮಾನ್ಯರ ಮನಸ್ಸು ಸಿಗುವುದು ಅಪರೂಪ.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಕೆಲವರು ಈ ಕಥೆ ಹೇಳುವಾಗ ‘ಪಾಪ, ಅಷ್ಟು ಹಣ ಏನು ಮಾಡಬೇಕೋ ತಿಳಿಯದೆ ಕಟ್ಟಡ ಕಟ್ಟಿಸಿಬಿಟ್ಟ’ ಎಂದು ನಗುತ್ತಾರೆ. ಬರಹದಲ್ಲೂ ಹಾಗೇ ಬಂದಿದೆ. ಏನು ಮಾಡಬೇಕೋ ತಿಳಿಯದವನು ಇಂಥ ಕಿಟಕಿ ಮಾಡಿಸುತ್ತಾನೆಯೇ? ಬಾದಶಾಹ ಹಣ ಖರ್ಚು ಮಾಡಿ ಕಟ್ಟಿಸಿದರೆ ಅದು ಕಲಾಭಿರುಚಿ, ಜಾಡಮಾಲಿ ಕಟ್ಟಿಸಿದರೆ ಅದು ದಡ್ಡತನವೇ? ಕಥೆಯಲ್ಲಿ ಹಣಕ್ಕಾಗಿ ಹೊಂಚು ಹಾಕಿದವನು ಜ್ಯೋತಿಷಿ. ಬಂದ ಹಣವನ್ನು ಹತ್ತು ಜನ ಬಳಸುವ ಬಾಗಿಲಾಗಿ ಮಾಡಿದವನು ಮೆಹತರ್. ಇಬ್ಬರಲ್ಲಿ ತಿಳಿವಳಿಕೆ ಯಾರಿಗಿತ್ತು ಎಂದು ಓದುಗರೇ ಹೇಳಲಿ.

ಈ ಪ್ರಶ್ನೆ ಹಳೆಯದಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಕರ್ನಾಟಕದಲ್ಲಿ 1970ರ ದಶಕದವರೆಗೆ ಕಾಯಬೇಕಾಯಿತು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ ಬಂತು, ಸಾಲದೆ 2013ರಲ್ಲಿ ಇನ್ನೊಂದು ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿಯನ್ನು ನಮ್ಮಂಥ ವರದಿಗಾರರು ಇವತ್ತಿಗೂ ಬರೆಯುತ್ತಲೇ ಇದ್ದೇವೆ. ಸತ್ತಾಗ ಮಾತ್ರ ಅವರ ಮುಖ ಪತ್ರಿಕೆಯಲ್ಲಿ ಬರುತ್ತದೆ.

ಹೋದಾಗ ತಲೆಯೆತ್ತಿ ನೋಡಿ

ಮುಂದಿನ ಸಲ ವಿಜಯಪುರಕ್ಕೆ ಆಸ್ಪತ್ರೆಗೋ, ಕೋರ್ಟಿಗೋ, ಮಕ್ಕಳ ಕಾಲೇಜಿಗೋ ಹೋದಾಗ ಅರ್ಧ ಗಂಟೆ ಉಳಿಸಿಕೊಳ್ಳಿ. ಮೆಹತರ್ ಮಹಲಿನ ಎದುರು ಬದಿಗೆ ನಿಂತು ಮೊದಲು ಇಡೀ ಬಾಗಿಲು ನೋಡಿ. ಆಮೇಲೆ ಹತ್ತಿರ ಹೋಗಿ ಸಜ್ಜಾದ ಕೆಳಗಿನಿಂದ ಮೇಲಕ್ಕೆ ನೋಡಿ. ಒಂದೊಂದು ಓರೆ ಆಸರೆಯನ್ನೂ ಬೇರೆ ಬೇರೆಯಾಗಿ ನೋಡಿ. ಮಕ್ಕಳಿದ್ದರೆ ಹಕ್ಕಿ ಎಷ್ಟಿವೆ ಎಣಿಸಲು ಹೇಳಿ. ಗೋಡೆಯ ಮೇಲೆ ಹೆಸರು ಕೊರೆಯಬೇಡಿ. ಕೆತ್ತಿದವರೇ ತಮ್ಮ ಹೆಸರು ಕೊರೆದಿಲ್ಲ.

ನಿಮ್ಮ ಊರಿನ ಹಳೆಯ ವಾಡೆಗಳನ್ನೂ ಒಮ್ಮೆ ಇದೇ ಕಣ್ಣಿನಿಂದ ನೋಡಿ. ದೇಸಾಯಿಯವರ ಮನೆಯಲ್ಲೋ, ಗೌಡರ ಮನೆಯಲ್ಲೋ ಮುಂದಕ್ಕೆ ಚಾಚಿದ ಉಪ್ಪರಿಗೆ, ಕೆತ್ತನೆಯ ಓರೆಗಂಬ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಆರ್‌ಸಿಸಿ ಮನೆ ಕಟ್ಟುವಾಗ ಮೊದಲು ಬೀಳುವುದು ಅವೇ. ಫೋಟೋ ಜೊತೆ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರೆದಿಡಿ. ಮೊದಲನೆಯದು, ಇದನ್ನು ಮಾಡಿದ ಬಡಿಗರು ಯಾವ ಊರಿನವರು? ಎರಡನೆಯದು, ಇಲ್ಲಿ ಯಾರು ಕೂರುತ್ತಿದ್ದರು? ಮೂರನೆಯದು, ಕೆಳಗೆ ಅಂಗಳದಲ್ಲಿ ಯಾರನ್ನು ನಿಲ್ಲಿಸುತ್ತಿದ್ದರು? ಮೂರನೇ ಪ್ರಶ್ನೆಗೆ ಉತ್ತರ ಸುಲಭವಾಗಿ ಬರುವುದಿಲ್ಲ. ಅದಕ್ಕೇ ಅದನ್ನು ಬಿಡದೆ ಕೇಳಬೇಕು.

ಮೆಹತರ್ ಮಹಲಿಗೆ ಬೆಳಿಗ್ಗೆ ಬೇಗ ಹೋದರೆ ಇನ್ನೊಂದು ಕಾಣುತ್ತದೆ. ಊರು ಏಳುವ ಮೊದಲೇ ಪೌರಕಾರ್ಮಿಕರು ರಸ್ತೆ ಗುಡಿಸುತ್ತಿರುತ್ತಾರೆ. ಎದುರು ಸಿಕ್ಕರೆ ಒಂದು ನಮಸ್ಕಾರ ಹೇಳಿ. ಅವತ್ತು ಎದ್ದು ಯಾರ ಮುಖ ನೋಡಿದಿರಿ ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಹುದು.